ಓವನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ

ಚಿ. ಸೌ. ಪುಟ್ಟಿಗೆ,

ಸೋದರಮಾವನ ಆಶೀರ್ವಾದಗಳು.

ನೀನು ಕೆಲಸ ಬಿಟ್ಟು ಕೇಕ್ ವ್ಯಾಪಾರಕ್ಕೆ ಇಳಿಯುತ್ತಿದ್ದೀಯ, ಮನೆಯ ಕೆಳಭಾಗವನ್ನೇ ಬೇಕರಿ ಮಾಡುತ್ತೀಯ ಅಂತ ನಿನ್ನಮ್ಮ ಹೇಳಿದಳು. ಕೇಳಿ ತುಂಬ ಖುಷಿಯಾಯಿತು. ನಿನ್ನ ಕೈರುಚಿಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ದೊಡ್ಡ ಓವನ್‌ಗೆ ಅಡ್ವಾನ್ಸ್ ಕೊಡುವ ಮುಂಚೆ, ಆ ಜಾಗ ಕಾಗದದಲ್ಲಿ ಏನು ಅಂತ ಇದೆ ನೋಡಿಕೊ.

ಎಫ್‌ಎಸ್‌ಎಸ್‌ಎಐ ನೋಂದಣಿ ಆಯಿತು, ಸಣ್ಣ ಉದ್ದಿಮೆಯವರಿಗೆ ಕೊಡುವ ಉದ್ಯಮ್ ಸರ್ಟಿಫಿಕೇಟ್ ಬಂತು, ಇನ್ನೇನು ಬೇಕು ಅಂದೆಯಂತೆ. ಎರಡೂ ಬೇಕಾದವೇ. ಮೊದಲನೆಯದು ತಿನ್ನುವ ಪದಾರ್ಥಕ್ಕೆ ಸಂಬಂಧಿಸಿದ್ದು. ಸಣ್ಣ ವಹಿವಾಟಿನವರಿಗೆ ವರ್ಷಕ್ಕೆ ನೂರು ರೂಪಾಯಿಗೆ ಸಿಗುತ್ತದೆ. ಉದ್ಯಮ್ ಅಂತೂ ಪುಕ್ಕಟೆ, ಆನ್‌ಲೈನ್‌ನಲ್ಲಿ ನಾವೇ ತುಂಬುವುದು. ಆದರೆ ಈ ಸೈಟಿನಲ್ಲಿ ವ್ಯಾಪಾರ ಮಾಡಬಹುದಾ ಅಂತ ಎರಡೂ ಕೇಳುವುದಿಲ್ಲ. ಅದನ್ನು ಹೇಳುವುದು ಮಾಸ್ಟರ್ ಪ್ಲ್ಯಾನ್, ಅಂದರೆ ಊರಿನ ಯಾವ ಭಾಗ (ಜೋನ್) ಯಾವ ಬಳಕೆಗೆ ಅಂತ ಗೊತ್ತುಮಾಡುವ ನಕ್ಷೆ. ಜನ ಎಡವುವುದು ಇಲ್ಲೇ. ನಾಲ್ಕು ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿರುತ್ತಾರೆ, ಜೋನ್ ಮಾತ್ರ ನೋಡಿರುವುದಿಲ್ಲ.

ಬೆಂಗಳೂರಿಗೆ 2007ರಲ್ಲಿ ಒಪ್ಪಿಗೆಯಾದ, 2015 ಅಂತ ಹೆಸರಿರುವ ಮಾಸ್ಟರ್ ಪ್ಲ್ಯಾನ್ ಇದೆ. ನಿನ್ನ ಸೈಟು ಅದರಲ್ಲಿ ಬರೀ ವಸತಿಯಾ, ಮಿಶ್ರ ವಸತಿಯಾ ಅಂತ ಊರಿನ ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸು. ಬರೀ ವಸತಿ ಅಂತ ಇದ್ದರೂ ಹೆದರಬೇಡ. ಮನೆ ಮನೆಯಾಗಿಯೇ ಉಳಿದು, ಜೊತೆಗೆ ಸಣ್ಣದೊಂದು ಪಾಲು, ಸುಮಾರು ಶೇ 20ರಷ್ಟು, ಬೇರೆ ಬಳಕೆಗೆ ಬಿಡುವುದಕ್ಕೆ ಅದರಲ್ಲೇ ಅವಕಾಶ ಇದೆ. ಪೂರ್ತಿ ಕೆಳಮನೆ ಖಾಲಿ ಮಾಡಿ ಮೂರು ಜನ ಕೆಲಸದವರನ್ನು ಇಟ್ಟುಕೊಂಡರೆ ಅದು ಸಣ್ಣ ಪಾಲು ಆಗುವುದಿಲ್ಲ, ಅಲ್ವಾ? ರಸ್ತೆಯ ಅಗಲವನ್ನೂ ಕೇಳುತ್ತಾರೆ. 40 ಅಡಿ ಅನ್ನುವ ಮಾತು ಪದೇ ಪದೇ ಬರುತ್ತದೆ. ನಿಮ್ಮದು ಅಷ್ಟಿಲ್ಲ ಅಂತ ನನ್ನ ಅಂದಾಜು. ಒಂದು ಸಲ ಟೇಪ್ ಹಿಡಿದು ಅಳೆಸಿಬಿಡು.

ನಿನ್ನ ಮಾವನವರ ಹತ್ತಿರ ಇರುವ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆ ಪತ್ರವನ್ನೂ ಒಮ್ಮೆ ಪೂರ್ತಿ ಓದು. ವಾಸಕ್ಕೆ ಕೊಟ್ಟ ಸೈಟನ್ನು ವಾಸಕ್ಕೇ ಬಳಸಬೇಕು ಅನ್ನುವ ಷರತ್ತು ಅಂಥ ಪತ್ರಗಳಲ್ಲಿ ಇರುತ್ತದೆ. ಹಳೇ ಕಾಗದ, ಯಾರು ಕೇಳುತ್ತಾರೆ ಅನ್ನಬೇಡ. ಮೀರತ್‌ನ ಶಾಸ್ತ್ರಿನಗರದಲ್ಲಿ ವಸತಿಗೆ ಅಂತ ಹಂಚಿದ ಸೈಟಿನಲ್ಲಿ ಅಂಗಡಿಗಳನ್ನು ಕಟ್ಟಿದ್ದರು. ದಶಕಗಳ ಕಾಲ ವ್ಯಾಪಾರ ನಡೆಯಿತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಹೇಳಿತು. ಮರುವರ್ಷ ಅಕ್ಟೋಬರ್‌ನಲ್ಲಿ ಕೆಡವಿಯೂ ಆಯಿತು. ಇಷ್ಟು ವರ್ಷ ಸುಮ್ಮನಿದ್ದರಲ್ಲ ಅನ್ನುವ ವಾದ ಅಲ್ಲಿ ನಿಲ್ಲಲಿಲ್ಲ.

ಇನ್ನು ಕರೆಂಟು. ದರಪಟ್ಟಿಯಲ್ಲಿ ಮನೆಯ ದರದಲ್ಲೇ ಮಾಡಬಹುದಾದ ಕೆಲಸಗಳ ಹೆಸರಿವೆ. ಹೊಲಿಗೆ, ಬ್ಯೂಟಿ ಪಾರ್ಲರ್, ವಕೀಲರ, ಡಾಕ್ಟರ ಸಲಹೆ, ಚಿನ್ನದ ಕೆಲಸ, ಹೀಗೆ. ಬೇಕರಿ ಓವನ್ ಆ ಪಟ್ಟಿಯಲ್ಲಿಲ್ಲ. ಮನೆಯ ಮೀಟರಿನಲ್ಲಿ ಅದನ್ನು ಓಡಿಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡರಷ್ಟು ದರ ಹಾಕುತ್ತಾರೆ. ಯಾವಾಗಿನಿಂದ ಓಡಿಸಿದೆ ಅಂತ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ. ಬೆಸ್ಕಾಂ ಕಚೇರಿಗೆ ಹೋಗಿ ಬೇರೆ ಮೀಟರ್ ಕೇಳು. ಇನ್ನು ವ್ಯಾಪಾರಕ್ಕೆ ಬೇಕಾದ ಟ್ರೇಡ್ ಲೈಸೆನ್ಸ್ ಕೊಡುವುದು ಕಾರ್ಪೊರೇಷನ್. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಕಾರ್ಪೊರೇಷನ್ ಆಗಿವೆ, ನಿಮ್ಮದು ಯಾವುದಕ್ಕೆ ಸೇರಿದೆ ಅಂತ ಮೊದಲು ತಿಳಿದುಕೊ. ಬೇಕರಿಗೆ ಬಳಸುವ ಭಾಗದ ಆಸ್ತಿ ತೆರಿಗೆಯನ್ನೂ ವಸತಿಯಲ್ಲದ ದರದಲ್ಲಿ ಕಟ್ಟಬೇಕಾಗುತ್ತದೆ.

ಇಷ್ಟೆಲ್ಲ ಯಾಕಪ್ಪಾ, ಹೆಣ್ಣುಮಗಳು ಮನೆಯಲ್ಲೇ ನಾಲ್ಕು ಕಾಸು ದುಡಿಯಲು ಇಷ್ಟು ಅಡ್ಡಿಯಾ ಅಂತ ನಿನ್ನಮ್ಮ ರೇಗುತ್ತಾಳೆ. ನಾನು ಈ ನಿಯಮದ ಪರ, ಪುಟ್ಟಿ. ನಮ್ಮ ಬೀದಿಯಲ್ಲೇ ಒಂದು ಕೆಳಮನೆ ಹೋಟೆಲ್ ಅಡುಗೆಮನೆಯಾಯಿತು. ಊಟಕ್ಕೆ ಕೂರುವ ಜಾಗವಿಲ್ಲ, ಬರೀ ಪಾರ್ಸಲ್. ಎಕ್ಸಾಸ್ಟ್ ಕೊಳವೆಯ ಬಾಯಿ ಪಕ್ಕದ ಮನೆಯ ಬಟ್ಟೆ ಒಣಹಾಕುವ ಜಾಗಕ್ಕೆ. ಒಗೆದ ಸೀರೆಯಲ್ಲೂ ಕರಿದ ಎಣ್ಣೆಯ ವಾಸನೆ. ರಾತ್ರಿ ಹನ್ನೊಂದಾದರೂ ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿಕೊಂಡು ಗೇಟಿನ ಮುಂದೆ ಕಾಯುತ್ತಿದ್ದರು. ಪಾಪ, ಅವರಾದರೂ ಎಲ್ಲಿಗೆ ಹೋಗಬೇಕು. ಪಕ್ಕದ ಮನೆಯ ಅಜ್ಜಿ ಸಂಜೆ ಜಗಲಿಯಲ್ಲಿ ಕೂರುವುದನ್ನೇ ಬಿಟ್ಟರು. ಕೊನೆಗೆ ಬೀದಿಯವರೆಲ್ಲ ಸೇರಿ ದೂರು ಬರೆದರು, ಬಾಗಿಲು ಮುಚ್ಚಿತು. ಹಾಕಿದ ದುಡ್ಡು ಹೋಯಿತು. ಮುಖ ನೋಡಿ ಮಾತಾಡುವುದೂ ನಿಂತಿತು.

ನಿನಗೆ ಹಾಗಾಗಬಾರದು. ಈಗಿರುವ ಸಣ್ಣ ಓವನ್‌ನಲ್ಲೇ, ಒಂದೇ ಕೋಣೆಯಲ್ಲಿ, ಮುಂಚೆಯೇ ಆರ್ಡರ್ ತೆಗೆದುಕೊಂಡು ಮಾಡು. ಬೋರ್ಡ್ ಹಾಕಬೇಡ. ಡೆಲಿವರಿಯನ್ನು ಸಂಜೆ ಏಳಕ್ಕೆ ಮುಗಿಸು. ಶುರು ಮಾಡುವ ಮುಂಚೆ ಎಡ ಬಲದ ಎರಡೂ ಮನೆಗೆ ನೀನೇ ಹೋಗಿ ಹೇಳಿ ಬಾ, ಅವರಿಗೆ ಏನು ತೊಂದರೆ ಅನ್ನಿಸುತ್ತದೆ ಕೇಳು. ಕೈ ಮೀರಿ ಆರ್ಡರ್ ಬಂದ ದಿನ ಮೇನ್ ರೋಡಿನಲ್ಲಿ ಒಂದು ಸಣ್ಣ ಮಳಿಗೆ ಹುಡುಕೋಣ. ಅದರ ಅಡ್ವಾನ್ಸ್‌ಗೆ ನಾನಿದ್ದೇನೆ.

ಭಾನುವಾರ ಬರುತ್ತೇನೆ. ಹಂಚಿಕೆ ಪತ್ರ, ಮಂಜೂರಾದ ಪ್ಲ್ಯಾನ್, ಖಾತೆ, ತೆರಿಗೆ ರಸೀದಿ ಎಲ್ಲ ಒಂದು ಫೈಲಿನಲ್ಲಿ ತೆಗೆದಿಡು. ಓವನ್ ಅಂಗಡಿಯವರಿಗೆ ಸೋಮವಾರ ಹೇಳುತ್ತೇನೆ ಅನ್ನು.

ಇಂತಿ ನಿನ್ನ
ಸೋದರಮಾವ