ಭದ್ರಾವತಿ ರೇಡಿಯೊ ಸ್ಟೇಷನ್ ಇರುತ್ತಾ, ಇಲ್ವಾ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ಅಮ್ಮನ ರೇಡಿಯೊ ರಿಪೇರಿಗೆ ಕೊಡಲು ಹೊಸನಗರ ಪೇಟೆಗೆ ಹೋಗಿದ್ದೆ. ಅಂಗಡಿಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೆ ಯಾಕೆ ದುಡ್ಡು ಹಾಕ್ತೀರಿ, ಭದ್ರಾವತಿ ಸ್ಟೇಷನ್ನೇ ಇನ್ನೆಷ್ಟು ದಿನವೋ, ಖರ್ಚು ಜಾಸ್ತಿ ಅಂತ ಒಂದೊಂದೇ ಮುಚ್ತಾರಂತೆ" ಅಂದರು. ಯಾರು ಹೇಳಿದ್ದು ಅಂದರೆ ಅವರಿಗೂ ಗೊತ್ತಿಲ್ಲ. ವಾಟ್ಸಾಪಿನಲ್ಲಿ ಬಂದಿತ್ತಂತೆ.

ಈ ಗಾಳಿಸುದ್ದಿ ಹೊಸದಲ್ಲ. 2021ರ ಜನವರಿಯಲ್ಲೂ ಎದ್ದಿತ್ತು, ಯಾವ ಆಕಾಶವಾಣಿ ಕೇಂದ್ರವನ್ನೂ ಮುಚ್ಚುವುದಿಲ್ಲ ಎಂದು ಅವನ್ನು ನಡೆಸುವ ಪ್ರಸಾರ ಭಾರತಿ ಆಗ ಹೇಳಿತ್ತು. ಅದನ್ನು ನಂಬಬೇಕು ಅಂತ ನನಗೂ ಆಸೆ. ಆದರೆ ಅದಕ್ಕೆ ಎರಡು ವರ್ಷ ಮೊದಲು, ರಾತ್ರಿಯಿಡೀ ಬರುತ್ತಿದ್ದ ಆಕಾಶವಾಣಿಯ ನ್ಯಾಷನಲ್ ಚಾನೆಲ್ಲನ್ನು, ಜೊತೆಗೆ ಐದು ಊರಿನ ತರಬೇತಿ ಕೇಂದ್ರಗಳನ್ನು, ಖರ್ಚು ಉಳಿಸುವ ಮಾತು ಹೇಳಿಯೇ ನಿಲ್ಲಿಸಿದ್ದರಲ್ಲ, ಅದು ನೆನಪಾಗುತ್ತೆ. ಅದೂ ಅಲ್ಲದೆ ಊರು ಯಾವುದು ನೋಡಿ. ಕಾಗದದ ಕಾರ್ಖಾನೆ ನಿಂತುಹೋದ ಊರು ಅದು. ವಿಶ್ವೇಶ್ವರಯ್ಯನವರು ಕಟ್ಟಿಸಿದ ಕಬ್ಬಿಣದ ಕಾರ್ಖಾನೆಯನ್ನು 2023ರ ಜನವರಿಯಲ್ಲಿ ಮುಚ್ತೀವಿ ಅಂದು, ಜನ ಬೀದಿಗೆ ಇಳಿದ ಮೇಲೆ ಅದೇ ವರ್ಷ ಆಗಸ್ಟಿನಲ್ಲಿ ಒಂದಷ್ಟು ಕೆಲಸ ಮತ್ತೆ ಶುರು ಮಾಡಿದರು. ಇಂಥ ಊರಿನಲ್ಲಿ ಗಾಳಿಸುದ್ದಿಗೂ ಜನ ಬೆಚ್ಚಿಬೀಳುತ್ತಾರೆ, ಅದರಲ್ಲಿ ತಪ್ಪೇನಿದೆ?

ನನ್ನದು ಎರಡು ಎಕರೆ ಅಡಿಕೆ ತೋಟ, ಮೂರು ಕಡೆ ಗುಡ್ಡ. ಭದ್ರಾವತಿ ಆಕಾಶವಾಣಿ ಶುರುವಾಗಿದ್ದು 1965ರಲ್ಲಿ, ಅಂದರೆ ನನಗಿಂತ ದೊಡ್ಡದು. ನಾನು ಅಕ್ಷರ ಕಲಿಯುವ ಮೊದಲೇ "444.4 ಮೀಟರ್, ಅಂದರೆ 675 ಕಿಲೋಹರ್ಟ್ಸ್" ಅಂತ ಬಾಯಿಪಾಠ ಹೇಳುತ್ತಿದ್ದೆನಂತೆ, ಮನೆಗೆ ಬಂದ ನೆಂಟರ ಎದುರು ಅಪ್ಪ ಹೇಳಿಸುತ್ತಿದ್ದರು.

ರೇಡಿಯೊ ಯಾರಿಗೆ ಬೇಕು ಈಗ ಅಂತ ಕೇಳುವವರು ಕೊಯ್ಲಿನ ಹೊತ್ತಿಗೆ ಒಂದು ರಾತ್ರಿ ನಮ್ಮ ಮನೆಗೆ ಬರಬೇಕು. ಹಗಲು ಇಳಿಸಿದ ಗೊನೆಯನ್ನು ಜಾಸ್ತಿ ದಿನ ಇಡುವ ಹಾಗಿಲ್ಲ, ಸುಲಿದು ಬೇಯಿಸಬೇಕು. ಅಂಗಳದಲ್ಲಿ ಒಂದೇ ಬಲ್ಬು, ಅದರ ಸುತ್ತ ಎಂಟು ಹತ್ತು ಜನ, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ಬಲಗೈಲಿ ಕಾಯಿ ಒತ್ತಬೇಕು, ಎಡಗೈಲಿ ತಿರುಗಿಸಬೇಕು, ಕಣ್ಣು ಕತ್ತಿಯ ಮೇಲೇ ಇರಬೇಕು, ಒಂದು ಚೂರು ಆಚೀಚೆ ಆದರೆ ಹೆಬ್ಬೆರಳು ಹೋಯಿತು. ಆ ಕಡೆ ಒಲೆ ಮೇಲೆ ಹಂಡೆ, ಅಡಿಕೆ ಬೇಯಿಸಿದ ಚೊಗರಿನ ವಾಸನೆ, ಈ ಕಡೆ ಕಂಬಕ್ಕೆ ನೇತುಹಾಕಿದ ರೇಡಿಯೊ. ಸುಲಿಯುವವರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ. ಹಾಗಾಗಿ ಯಾರೂ ಕೈ ನಿಲ್ಲಿಸಿ ಮೊಬೈಲ್ ನೋಡುವುದಿಲ್ಲ. ಕೈ ಕೊಟ್ಟಾಗಿದೆ, ಕಣ್ಣು ಕೊಟ್ಟಾಗಿದೆ, ಉಳಿದಿದ್ದು ಕಿವಿ. ಚಿತ್ರಗೀತೆ ಬರುತ್ತೆ, ಕೋರಿಕೆ ಕಳಿಸಿದವರ ಹೆಸರು ಓದುತ್ತಾರೆ, "ಅದು ನಮ್ಮ ಅತ್ತಿಗೆಯ ಅಣ್ಣನ ಮಗಳೇ ಇರಬೇಕು" ಅಂತ ಒಬ್ಬರು, "ಅಲ್ಲ, ಅವರು ಈಗ ಸಾಗರದಲ್ಲಿದ್ದಾರೆ" ಅಂತ ಇನ್ನೊಬ್ಬರು. ನಾಟಕ ಬಂದರೆ ಮಾತೇ ಇಲ್ಲ, ಕತ್ತಿಯ ಕರ್ ಕರ್ ಸದ್ದು ಮಾತ್ರ. ಹನ್ನೊಂದರ ಹೊತ್ತಿಗೆ ಸ್ಟೇಷನ್ ಮುಗಿಸುತ್ತಾರೆ, ನಾವೂ ಸೊಂಟ ಹಿಡಿದುಕೊಂಡು ಏಳುತ್ತೇವೆ.

ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಯ ರೇಟು ಈಗ ಮೊಬೈಲಿನಲ್ಲೇ ಸಿಗುತ್ತೆ, ಒಪ್ಪಿದೆ. ಆದರೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವುದನ್ನು ನಮ್ಮಪ್ಪ ಕಲಿತಿದ್ದು ರೇಡಿಯೊದ ಕೃಷಿ ಕಾರ್ಯಕ್ರಮ ಕೇಳಿ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಅಪ್ಪ ಇದನ್ನು ಅಡಿಕೆ ಮಂಡಿಯ ಕ್ಯಾಲೆಂಡರಿನ ಹಿಂದೆ ಸೀಸದಕಡ್ಡಿಯಲ್ಲಿ ಬರೆದಿದ್ದರು, ಆ ಕಾಗದ ಇನ್ನೂ ಇದೆ. ಈಗ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಸುಟ್ಟ ಹಾಗೆ ಕಾಣುತ್ತಿದೆ. ಯೂಟ್ಯೂಬಿನಲ್ಲಿ ಹುಡುಕಿದರೆ ಹತ್ತು ಜನ ಹತ್ತು ಔಷಧಿ ಹೇಳುತ್ತಾರೆ, ಅದರಲ್ಲಿ ನಾಲ್ಕು ಜನ ಔಷಧಿ ಮಾರುವವರೇ! ರೇಡಿಯೊದಲ್ಲಿ ಮಾತಾಡುವ ವಿಜ್ಞಾನಿ ತಪ್ಪು ಹೇಳಿದರೆ ಕೇಳುವುದಕ್ಕೆ ಒಂದು ವಿಳಾಸ ಆದರೂ ಇರುತ್ತೆ, ಅಲ್ವಾ?

ಈಗ ಎಲ್ಲರೂ ಹೇಳುವ ಒಂದು ಪರಿಹಾರ ಇದೆ. ಮೀಡಿಯಂ ವೇವ್, ಅಂದರೆ ಆ 675ರ ಪ್ರಸಾರ, ಹಳೇದು, ಕರೆಂಟು ಜಾಸ್ತಿ ತಿನ್ನುತ್ತೆ, ಎಫ್‌ಎಂ ಮಾಡಿ, ಉಳಿದವರು ಆ್ಯಪ್‌ನಲ್ಲಿ ಕೇಳಲಿ. ಪೇಟೆಯಲ್ಲಿ ಕೂತು ಹೇಳಿದರೆ ಸರಿಯಾಗೇ ಇದೆ. ಎಫ್‌ಎಂ ದನಿ ಚಂದ, ನನಗೂ ಗೊತ್ತು, ಬಸ್ಸಿನಲ್ಲಿ ಶಿವಮೊಗ್ಗದ ಕಡೆ ಹೋಗುವಾಗ ಭದ್ರಾವತಿಯದೇ ಎಫ್‌ಎಂ 103.5 ಎಷ್ಟು ಸ್ಪಷ್ಟ ಕೇಳುತ್ತೆ! ಆದರೆ ಎಫ್‌ಎಂ ಅಲೆ ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಅಲ್ಲಿಗೇ ಮುಗೀತು. ಮೀಡಿಯಂ ವೇವ್ ನೆಲ ಹಿಡಿದುಕೊಂಡು ಹೋಗುತ್ತೆ, ಗುಡ್ಡ ಸುತ್ತಿ ಕಣಿವೆಗೆ ಇಳಿಯುತ್ತೆ. ಸಿಡಿಲು ಬಂದರೆ ಗರಗರ ಅನ್ನುತ್ತೆ, ನಿಜ. ಅನ್ನಲಿ ಬಿಡಿ. ಮಲೆನಾಡಿಗೆ ಸ್ಟೇಷನ್ ಕಟ್ಟಿದವರು ಸುಮ್ನೆ ಏನೂ ಮೀಡಿಯಂ ವೇವ್ ಹಾಕಿರಲಿಕ್ಕಿಲ್ಲ.

ಇದು ನನ್ನ ಊಹೆ ಅಂತ ತಳ್ಳಿಹಾಕಬೇಡಿ, ಸರ್ಕಾರದ ಲೆಕ್ಕವೇ ನೋಡಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಆಕಾಶವಾಣಿ ಮತ್ತು ದೂರದರ್ಶನದ ಸುಧಾರಣೆಗೆ 2,539 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದರ ಪ್ರಕಾರ ಆಕಾಶವಾಣಿ ಎಫ್‌ಎಂ ದೇಶದ ಜಾಗದಲ್ಲಿ 59 ಪರ್ಸೆಂಟಿನಿಂದ 66ಕ್ಕೆ, ಜನಸಂಖ್ಯೆಯಲ್ಲಿ 68ರಿಂದ 80ಕ್ಕೆ ಮುಟ್ಟಬೇಕು. ಒಳ್ಳೇದೇ. ಆದರೆ ಎಲ್ಲ ಅಂದುಕೊಂಡ ಹಾಗೇ ಆದರೂ ಜಾಗದಲ್ಲಿ 34 ಪರ್ಸೆಂಟ್ ಹೊರಗೇ ಉಳಿಯಿತಲ್ಲ. ಆ 34 ಎಲ್ಲಿರುತ್ತೆ ಹೇಳಿ? ಬೆಂಗಳೂರಿನ ಜಯನಗರದಲ್ಲಂತೂ ಇರುವುದಿಲ್ಲ.

ಇನ್ನು ಆ್ಯಪ್. 2019ರ ಆಗಸ್ಟಿನ ಮಳೆ ನೆನಪಿದೆಯಾ? ನಮ್ಮಲ್ಲಿ ಮರ ಬಿದ್ದು ಆರು ದಿನ ಕರೆಂಟಿಲ್ಲ. ಎರಡನೇ ದಿನ ಮೊಬೈಲ್ ಟವರ್ ಸತ್ತಿತು, ಡೀಸೆಲ್ ತರುವ ದಾರಿಯೇ ಮುಚ್ಚಿತ್ತು. ಹಳ್ಳ ದಾಟಿ ಆಚೆ ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಗೊತ್ತಾಗುತ್ತಿರಲಿಲ್ಲ. ಅಮ್ಮ ಗಡಿಯಾರದ ಸೆಲ್ ತೆಗೆದು ರೇಡಿಯೊಗೆ ಹಾಕಿದರು. ಒಂದು ಕಮ್ಮಿ ಬಂತು, ಟಾರ್ಚಿಂದ ತೆಗೆದಿದ್ದನ್ನು ಒಲೆ ದಂಡೆ ಮೇಲಿಟ್ಟು ಬಿಸಿ ಮಾಡಿದರು, ಹಳೇ ಉಪಾಯ. ಲಿಂಗನಮಕ್ಕಿ ಅಣೆಕಟ್ಟೆಯ ನೀರು ಎಷ್ಟಕ್ಕೆ ಬಂತು, ಪೂರ್ತಿ ತುಂಬುವ 1819 ಅಡಿಗೆ ಇನ್ನೆಷ್ಟು ಬಾಕಿ, ಯಾವ ರಸ್ತೆ ಬಂದ್, ಇವೆಲ್ಲ ಆ ಆರು ದಿನ ನಮಗೆ ಗೊತ್ತಾಗಿದ್ದು ಆ ಒಂದು ಡಬ್ಬಿಯಿಂದ. ಮನೆಯ ಗೋಡೆ ಗಡಿಯಾರ ಮಾತ್ರ ಬೆಳಗಿನ ಹತ್ತೂ ಕಾಲಿಗೆ ನಿಂತಿತ್ತು.

ನನಗೆ ಬೀಗ ಹಾಕುವುದರ ಭಯ ಅಷ್ಟಿಲ್ಲ, ಅದಕ್ಕೆ ಗಲಾಟೆ ಮಾಡಬಹುದು. ಭಯ ಇರುವುದು ಖಾಲಿ ಮಾಡುವುದರ ಬಗ್ಗೆ. ನಿವೃತ್ತಿ ಆದವರ ಕುರ್ಚಿ ತುಂಬದೆ ಬಿಡುವುದು, ತಿಂಗಳಿಗೆ ಆರು ಡ್ಯೂಟಿ ಸಿಗುವ ಹಂಗಾಮಿ ಉದ್ಘೋಷಕರ ಮೇಲೇ ದಿನ ದೂಡುವುದು, ಆಮೇಲೆ ಇಲ್ಲಿ ಕಾರ್ಯಕ್ರಮ ಮಾಡುವವರು ಇಲ್ಲ ಅಂತ ಬೇರೆ ಊರಿನದನ್ನೇ ಹಾಕುವುದು. ಬೋರ್ಡು ಭದ್ರಾವತಿ, ಒಳಗೆ ಮಾತು ಬೆಂಗಳೂರಿನದ್ದೋ ದೆಹಲಿಯದ್ದೋ. ಅವರಿಗೆ ಗೊರಬಲು ಅಂದರೆ ಏನು ಅಂತ ಗೊತ್ತಿರುತ್ತಾ? ಮುಚ್ಚಿಲ್ಲ ಅಂತ ಕಾಗದದಲ್ಲಿ ತೋರಿಸಬಹುದು, ಕೇಳುವವರು ತಾವಾಗೇ ಬಿಟ್ಟುಹೋಗುತ್ತಾರೆ, ಆಮೇಲೆ ಕೇಳುವವರೇ ಇಲ್ಲ ಅಂತ ನಿಜವಾಗಿ ಮುಚ್ಚಬಹುದು.

ಹಾಗೆಂದು ಖರ್ಚೇ ಮಾಡಿ ಅನ್ನುತ್ತಿಲ್ಲ. ಮಧ್ಯಾಹ್ನ ಒಂದು ಗಂಟೆ ಕಮ್ಮಿ ಮಾಡಿ ಬೇಕಾದರೆ, ನಾವು ಆಗ ಉಂಡು ಮಲಗಿರುತ್ತೇವೆ. ಬೆಳಗ್ಗೆ ಮತ್ತು ರಾತ್ರಿ ಮಾತ್ರ ಇಲ್ಲಿಯವರೇ ಇಲ್ಲಿಯ ಮಾತನ್ನು ಆಡಲಿ, ಮೀಡಿಯಂ ವೇವ್ ತೆಗೆಯುವ ಯೋಚನೆ ಇದ್ದರೆ ಮೊದಲು ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಿಗೆ ಯಾರಾದರೂ ಒಂದು ರೇಡಿಯೊ ಹಿಡಿದು ಜುಲೈ ತಿಂಗಳಲ್ಲಿ ಬಂದುಹೋಗಲಿ. ನಮ್ಮ ಶಾಸಕರು, ಸಂಸದರು ಕಾರ್ಖಾನೆ ವಿಷಯದಲ್ಲಿ ದೆಹಲಿಗೆ ಹೋಗಿ ಬರುತ್ತಾರಲ್ಲ, ಅದೇ ಫೈಲಿನ ಜೊತೆ ಇದನ್ನೂ ಒಂದು ಸಾರಿ ಕೇಳಿ ಲಿಖಿತದಲ್ಲಿ ಉತ್ತರ ತರಲಿ.

ಅಂದ ಹಾಗೆ ರೇಡಿಯೊ ರಿಪೇರಿ ಆಯಿತು, 180 ರೂಪಾಯಿ ತೆಗೆದುಕೊಂಡರು. ಈ ಪತ್ರವನ್ನು ಮೊಬೈಲಿನಲ್ಲಿ ಬರೆದಿದ್ದೇನೆ, ಕಳಿಸಲು ಮನೆ ಹಿಂದಿನ ಗುಡ್ಡ ಹತ್ತಬೇಕು. ಮಳೆ ಬಿಡಲಿ ಅಂತ ಕಾಯುತ್ತಿದ್ದೇನೆ, ತಲುಪುವುದು ಎರಡು ದಿನ ತಡವಾದರೆ ಬೇಸರ ಮಾಡಿಕೊಳ್ಳಬೇಡಿ.

— ಒಬ್ಬ ಕೇಳುಗ, ಹೊಸನಗರ ತಾಲ್ಲೂಕು