ಎದ್ದು ನಿಲ್ಲಲೋ ಬೇಡವೋ

ಸಾಗರ
ಜನವರಿ, ಗುರುವಾರ

ಚಿ. ಸುಹಾಸನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಮೊಬೈಲಿಗೆ ಬಂದದ್ದನ್ನು ಕಾಗದ ಎನ್ನುತ್ತಾಳೆ ಎಂದು ನಗಬೇಡ. ಅಷ್ಟು ಉದ್ದ ಬರೆದರೆ ಅದು ಕಾಗದವೇ. ನಿನ್ನ ಅಪ್ಪನ ಮಂಡಿಯ ವಿಷಯ, ತೋಟದ ವಿಷಯ ಫೋನಿನಲ್ಲಿ ಆಡಿ ಆಗಿದೆ, ಅವನ್ನು ಮತ್ತೆ ತೆಗೆಯುವುದಿಲ್ಲ. ನಾನು 1998ರಲ್ಲಿ ಐರ್ಲೆಂಡಿನಿಂದ ಹೊರಟುಬಂದದ್ದು ಯಾಕೆ ಎನ್ನುವುದೂ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಈಗ ಬರೆಯಲು ಕುಳಿತದ್ದು ನಿನ್ನ ಕೊನೆಯ ಸಾಲಿಗಾಗಿ. ನೀನಿರುವ ಮೇಯೋ ಕೌಂಟಿಗೂ (ಅಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಪಕ್ಕದ ಗಾಲ್ವೇ ಕೌಂಟಿಗೂ ನಡೆಯುವ ಗೇಲಿಕ್ ಫುಟ್ಬಾಲ್ ಲೀಗ್ ಪಂದ್ಯಕ್ಕೆ ಆಸ್ಪತ್ರೆಯ ವಾರ್ಡಿನವರು ಕರೆದಿದ್ದಾರೆ, ಟಿಕೆಟ್ಟೂ ಅವರೇ ತೆಗೆದಿದ್ದಾರೆ, ಈ ಸಲ ಗಾಲ್ವೇ ಬಲವಾಗಿದೆ ಎಂದು ಎಲ್ಲರೂ ಒಳಗೊಳಗೇ ಹೆದರಿದ್ದಾರೆ ಎಂದೆಲ್ಲ ಖುಷಿಯಿಂದ ಬರೆದವನು ಕೊನೆಗೆ, "ಮೇಯೋ ಗೋಲು ಹೊಡೆದರೆ ನಾನು ಎದ್ದು ನಿಲ್ಲಲೋ ಬೇಡವೋ ಅತ್ತೆ? ನನಗೆ ಅದೊಂದೇ ಭಯ" ಎಂದು ಬರೆದು ಮುಗಿಸಿದ್ದೀಯ.

ತಮಾಷೆಗೆ ಬರೆದಿರಬೇಕು ಎಂದು ಮೊದಲು ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅದೇ ಗುಂಗಿನಲ್ಲಿ ಹಾಲು ಉಕ್ಕಿಸಿದೆ.

ನಿನ್ನ ಭಯ ಹುಚ್ಚು ಭಯವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಅದೇನು ಮಹಾ, ಆಟ ತಾನೇ, ಹೋಗಿ ಕೂಗಿ ಬಾ ಎಂದು ಬೇರೆ ಯಾರಾದರೂ ಬರೆಯಬಹುದು. ನನ್ನಿಂದ ಆಗುವುದಿಲ್ಲ. ಆ ಆಟ ಎಂಥದ್ದು ಎಂದು ನನಗೆ ಗೊತ್ತು. ನಮ್ಮ ಬೆಂಗಳೂರು ತಂಡಕ್ಕಾಗಿ ನೀನು ಹದಿನೆಂಟು ವರ್ಷ ಈ ಸಲ ಕಪ್ ನಮ್ಮದೇ ಎಂದು ಕಾದವನು. ಆ ತಂಡದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು ಎಷ್ಟು ಮಂದಿ ಇದ್ದರು ಎಂದು ನೀನು ಎಂದಾದರೂ ಎಣಿಸಿದ್ದೀಯಾ? ಅಲ್ಲಿ ಆಟಗಾರರನ್ನೇ ಹರಾಜಿನಲ್ಲಿ ಕೊಳ್ಳುವಾಗ ಅಭಿಮಾನಿಯ ಊರು ಯಾವುದು ಎಂದು ಕೇಳುವವರಿಲ್ಲ. ಐರ್ಲೆಂಡಿನವರದೇ ಆಟವಾದ ಗೇಲಿಕ್ ಫುಟ್ಬಾಲ್ ಹಾಗಲ್ಲ. ಮೇಯೋ ಅಂಗಿ ಹಾಕಿದವನು ಮೇಯೋದ ಯಾವುದೋ ಊರಿನ ಹುಡುಗ. ಸಂಬಳವಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತಾನೆ, ಇಲ್ಲವೇ ಅಪ್ಪನ ದನ ನೋಡಿಕೊಳ್ಳುತ್ತಾನೆ. ಅವನ ಅಜ್ಜನ ಮನೆ ಯಾವುದು ಎಂದು ಪಕ್ಕದಲ್ಲಿ ಕುಳಿತವರಿಗೆ ಗೊತ್ತಿರುತ್ತದೆ. ಇಡೀ ಆಟ ಹುಟ್ಟಿದ ಮಣ್ಣಿನ ಲೆಕ್ಕದ ಮೇಲೆ ನಿಂತಿದೆ. ಅಂಥ ಕಡೆ ಸಾಗರದವನೊಬ್ಬ ಎದ್ದು ನಿಂತು ನಮ್ಮವರು ಹೊಡೆದರು ಎಂದು ಕೂಗಿದರೆ "ನಮ್ಮವರು" ಎಂದರೆ ಯಾರು ಎಂದು ತಿರುಗಿ ನೋಡಿಯಾರು ಎಂಬ ಅಳುಕು ನಿನಗೆ. ನನಗೂ ಅದೇ ಇತ್ತು.

ಇತ್ತು ಎಂದಷ್ಟೇ ಬರೆದರೆ ಸಾಲದು.

1989ರಲ್ಲಿ ನಾನು ಡಾಕ್ಟರಾಗಿ ಮೇಯೋದ ಕ್ಯಾಸಲ್‌ಬಾರ್‌ಗೆ ಹೋಗಿ ಒಂದು ವರ್ಷವಾಗಿತ್ತು ಅಷ್ಟೇ. 1951ರ ನಂತರ ಮೊದಲ ಬಾರಿಗೆ ಮೇಯೋ ಅಖಿಲ ಐರ್ಲೆಂಡ್ ಫೈನಲ್ ತಲುಪಿತ್ತು. ಕಾರ್ಕ್ ವಿರುದ್ಧ ಸೋತರು, ಮೂರು ಅಂಕದಿಂದ. ಸೋತು ಬಂದ ತಂಡವನ್ನು ನೋಡಲು ಊರಿಗೆ ಊರೇ ಬೀದಿಗೆ ಬಂತು. ಮದುವೆಯ ದಿಬ್ಬಣ ಬಂದ ಹಾಗೆ ಗಲಾಟೆ. ನಾನು ಬಾಡಿಗೆ ಕೋಣೆಯ ಕಿಟಕಿಯಿಂದ ನೋಡಿದೆ. ಕೆಳಗೆ ಇಳಿಯಲು ಹದಿನಾಲ್ಕು ಮೆಟ್ಟಿಲು. ಕೋಟು ಹಾಕಿಕೊಂಡೆ, ಬಾಗಿಲವರೆಗೆ ಹೋದೆ, ವಾಪಸು ಬಂದು ಅಕ್ಕಿ ತೊಳೆದೆ. ಯಾರೂ ನನ್ನನ್ನು ಬೇಡ ಎಂದಿರಲಿಲ್ಲ, ಕೇಳು. ಬೇಡ ಎಂದವಳು ನಾನೇ.

ಅಲ್ಲಿಂದ ಮುಂದೆ ಒಂದು ಉಪಾಯ ಕಂಡುಕೊಂಡೆ. ಪಂದ್ಯದ ದಿನ ಡ್ಯೂಟಿಗೆ ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಕೈ ಎತ್ತುತ್ತಿದ್ದೆ. ಎಲ್ಲರೂ ಹೋಗಲಿ, ನಾನು ನೋಡಿಕೊಳ್ಳುತ್ತೇನೆ. ಎಷ್ಟು ದೊಡ್ಡ ಮನಸ್ಸು ಈ ಭಾರತದ ಡಾಕ್ಟರಮ್ಮನದು ಎಂದು ಹೆಸರಾಯಿತು. ಕ್ರಿಸ್‌ಮಸ್‌ಗೆ ಕೇಕು ಬರುತ್ತಿತ್ತು. ಅದು ದೊಡ್ಡ ಮನಸ್ಸಲ್ಲ, ಹೇಡಿತನ ಎಂದು ಇಷ್ಟು ವರ್ಷವಾದ ಮೇಲೆ ನಿನಗೊಬ್ಬನಿಗೆ ಹೇಳುತ್ತಿದ್ದೇನೆ. ನಿನ್ನ ಅಪ್ಪನಿಗೂ ಹೇಳಿಲ್ಲ.

1996ರ ಸೆಪ್ಟೆಂಬರ್ 15, ಭಾನುವಾರ. ಮೀದ್ ವಿರುದ್ಧ ಫೈನಲ್. ಆನ್‌ಕಾಲ್ ಇದ್ದವಳು ನಾನು. ಮರುದಿನ ಆಪರೇಷನ್ ಇದ್ದ ಒಬ್ಬ ಹಿರಿಯರನ್ನು, ಅರಿವಳಿಕೆ ಕೊಡುವ ಮುಂಚಿನ ತಪಾಸಣೆಗೆ ನೋಡಬೇಕಾಗಿತ್ತು. ರೈತರು, ಕುರಿ ಸಾಕಿದವರು. ರೇಡಿಯೋ ಕಿವಿಗೆ ಹಿಡಿದಿದ್ದರು. ಎದೆ ಪರೀಕ್ಷೆ ಮಾಡಬೇಕು ಎಂದೆ. ಈಗ ಬೇಡ ಡಾಕ್ಟರೇ, ಈಗ ಅದರ ಬಡಿತ ನಂಬುವಂಥದ್ದಲ್ಲ ಎಂದರು. ಸರಿ ಎಂದು ಕುಳಿತೆ. ಎರಡನೆಯ ಅರ್ಧದಲ್ಲಿ ಮೇಯೋ ಆರು ಅಂಕ ಮುಂದಿತ್ತು. 1951ರಲ್ಲಿ ಗೆದ್ದದ್ದೂ ಇದೇ ಮೀದ್ ವಿರುದ್ಧ, ಆಗ ನಾನು ಡಬ್ಲಿನ್‌ನ ಮೈದಾನ ಕ್ರೋಕ್ ಪಾರ್ಕ್‌ನಲ್ಲಿ ಇದ್ದೆ ಎಂದು ಅವರು ಹೇಳುತ್ತಿರುವಾಗಲೇ ಅಂಕಗಳು ಒಂದೊಂದಾಗಿ ಸೋರತೊಡಗಿದವು. ಕೊನೆಗೆ ಮೀದ್‌ನ ಕೋಲಮ್ ಕಾಯ್ಲ್ ದೂರದಿಂದ ಎತ್ತಿ ಒದ್ದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದು ಪುಟಿದು ಅಡ್ಡಪಟ್ಟಿಯ ಮೇಲೆ ಹಾರಿತು. ಆ ಆಟದಲ್ಲಿ ಅದಕ್ಕೂ ಒಂದು ಅಂಕ. ಸಮ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಹಿರಿಯರು ರೇಡಿಯೋ ಆರಿಸಿ, "ನಿಮ್ಮ ಊರಿನವರೂ ಹೀಗೇ ಮಾಡುತ್ತಾರಾ?" ಎಂದು ಕೇಳಿದರು.

ಸುಹಾಸ, ಆ ವರ್ಷದ ಮಾರ್ಚ್‌ನಲ್ಲಿ ನಿನ್ನ ಅಪ್ಪ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವೆಂಕಟೇಶ ಪ್ರಸಾದ್ ಪಾಕಿಸ್ತಾನದ ಸೊಹೈಲ್‌ನ ಸ್ಟಂಪು ಹಾರಿಸಿದ್ದನ್ನು ಕಣ್ಣಾರೆ ಕಂಡು, ಮರುದಿನ ನನಗೆ ಅಂತರರಾಷ್ಟ್ರೀಯ ಕರೆ ಮಾಡಿ ದುಡ್ಡು ದಂಡ ಮಾಡಿದ್ದ. ಅದಾದ ನಾಲ್ಕೇ ದಿನಕ್ಕೆ ಈಡನ್ ಗಾರ್ಡನ್ಸ್, ಶ್ರೀಲಂಕಾ ವಿರುದ್ಧ ವಿಶ್ವಕಪ್ ಸೆಮಿಫೈನಲ್. 1 ವಿಕೆಟ್‌ಗೆ 98 ಇದ್ದದ್ದು 8 ವಿಕೆಟ್‌ಗೆ 120. ಜನ ಬಾಟಲಿ ಎಸೆದರು, ಕಾಂಬ್ಳಿ ಅಳುತ್ತಾ ಹೊರಟ. ಆ ಹಿರಿಯರಿಗೆ ಹೇಳಲು ನನ್ನ ಹತ್ತಿರ ಇದೆಲ್ಲ ಇತ್ತು. ನಾಲಿಗೆಯ ತುದಿಯಲ್ಲಿತ್ತು. ನಾನು ಹೇಳಿದ್ದೇನು ಗೊತ್ತೇ? "ನನಗೆ ಆಟಗಳು ಅಷ್ಟಾಗಿ ಗೊತ್ತಾಗುವುದಿಲ್ಲ. ಉಸಿರು ಎಳೆದುಕೊಳ್ಳಿ."

ಅವರು ಎಳೆದುಕೊಂಡರು. ಮತ್ತೆ ಏನೂ ಕೇಳಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಎರಡು ವಾರದ ಮೇಲೆ ನಡೆದ ಮರುಪಂದ್ಯವನ್ನೂ ಮೇಯೋ ಸೋತಿತು, ಒಂದೇ ಅಂಕದಿಂದ. ಶುರುವಿನಲ್ಲೇ ದೊಡ್ಡ ಹೊಡೆದಾಟವಾಗಿ ಎರಡೂ ಕಡೆ ಒಬ್ಬೊಬ್ಬರನ್ನು ಹೊರಗೆ ಹಾಕಿದ್ದರು. ಆ ಭಾನುವಾರವೂ ನನಗೆ ಡ್ಯೂಟಿ. ಕೇಳಿ ಪಡೆದದ್ದು.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ಪ್ರಶ್ನೆ ಎದ್ದು ನಿಲ್ಲುವುದರ ಬಗ್ಗೆ.

ಜಾನ್ ಓ'ಮಹೋನಿ ಎಂಬ ಹೆಸರನ್ನು ವಾರ್ಡಿನಲ್ಲಿ ಕೇಳಿರಬಹುದು. ಮೇಯೋದವರು. 1989ರಲ್ಲಿ ಮೇಯೋವನ್ನು ಫೈನಲ್‌ಗೆ ಒಯ್ದವರು ಅವರೇ. ಅವರೇ 1998ರಲ್ಲಿ ಗಾಲ್ವೇ ತಂಡಕ್ಕೆ ತರಬೇತಿ ಕೊಟ್ಟು ಕಪ್ ಗೆಲ್ಲಿಸಿದರು, 2001ರಲ್ಲಿ ಇನ್ನೊಮ್ಮೆ. ತವರಿಗೆ ದಕ್ಕದ್ದನ್ನು ಪಕ್ಕದ ಮನೆಗೆ ಕೊಟ್ಟರು! ಆದರೂ ಮುಂದೆ ಮೇಯೋದವರು ಅವರನ್ನೇ ಮತ್ತೆ ಕರೆದು ತಂಡ ಒಪ್ಪಿಸಿದರು, 2024ರಲ್ಲಿ ಅವರು ತೀರಿಕೊಂಡಾಗ ಎರಡೂ ಕೌಂಟಿಗಳು ಅತ್ತವು. ಹುಟ್ಟಿದ ಮಣ್ಣಿನ ಲೆಕ್ಕ ನಾನು ಹೇಳಿದಷ್ಟು ಬಿಗಿಯಲ್ಲ, ನೋಡು ಎಂದು ಬರೆಯಲು ಹೊರಟಿದ್ದೆ. ಬರೆದ ಮೇಲೆ ನನಗೇ ಒಪ್ಪಿಗೆಯಾಗಲಿಲ್ಲ. ಅವರು ಗಾಲ್ವೇ ಕಡೆ ನಿಂತಾಗ ದ್ರೋಹಿ ಎಂದು ಬೈದವರಿರಬಹುದು, ಯಾವ ದೇಶದವನೋ ನೀನು ಎಂದು ಯಾರೂ ಕೇಳಿರಲಾರರು. ನಿನ್ನ ಭಯ ಆ ಎರಡನೆಯದು. ಅದಕ್ಕೆ ಓ'ಮಹೋನಿಯವರ ಕಥೆಯಲ್ಲಿ ಉತ್ತರವಿಲ್ಲ.

2025ರ ಬೇಸಿಗೆಯಲ್ಲಿ ಡಬ್ಲಿನ್‌ನಲ್ಲಿ ನಮ್ಮವರ ಮೇಲೆ ಹಲ್ಲೆಗಳಾದವು. ಎಚ್ಚರಿಕೆಯಿಂದಿರಿ ಎಂದು ನಮ್ಮ ರಾಯಭಾರ ಕಚೇರಿ ಆಗಸ್ಟ್‌ನಲ್ಲಿ ಪ್ರಕಟಣೆ ಕೊಟ್ಟಿತು. ನಾನು ಅದನ್ನು ಇಲ್ಲಿ ಜಗಲಿಯಲ್ಲಿ ಕುಳಿತು ಓದಿದೆ. ನೀನು ಒಂದು ಮಾತನ್ನೂ ಬರೆಯಲಿಲ್ಲ, ನಾನೂ ಕೇಳಲಿಲ್ಲ. ಎದ್ದು ನಿಲ್ಲಲೋ ಬೇಡವೋ ಎಂಬ ನಿನ್ನ ಮಾತಿನೊಳಗೆ ಅದೂ ಇದೆ ಎಂದು ನನಗೆ ಹೊಳೆದದ್ದು ಎರಡನೆಯ ರಾತ್ರಿ. ಹೌದಾದರೆ, ಆಟದ ನೆಪ ಬಿಟ್ಟು ನೇರವಾಗಿ ಹೇಳು. ಅಲ್ಲವಾದರೆ ಮುದುಕಿಯ ಕಲ್ಪನೆ ಎಂದುಕೊ. ಕತ್ತಲಾದ ಮೇಲೆ ಒಬ್ಬನೇ ನಡೆಯಬೇಡ ಎಂದು ಬರೆದು ಅಳಿಸಿದೆ, ಮತ್ತೆ ಬರೆದೆ. ಇದ್ದುಕೊಳ್ಳಲಿ. ನೀವು ನಾಲ್ಕು ಜನ ಒಂದೇ ಕಾರಿನಲ್ಲಿ ಹೋಗಿ ಬರುವವರು, ನನ್ನ ಮಾತಿನ ಅಗತ್ಯವಿಲ್ಲದೆಯೂ ಇರಬಹುದು.

ಬೇರೆ ಏನು ಹೇಳಲಿ? ಉಣ್ಣೆಯ ಬನಿಯನ್ ಒಳಗೆ ಹಾಕಿಕೊ. ಪಂದ್ಯ ನಡೆಯುವ ಸಾಲ್ಟ್‌ಹಿಲ್‌ನ ಪಿಯರ್ಸ್ ಕ್ರೀಡಾಂಗಣದ ಬಗಲಲ್ಲೇ ಕಡಲು. ಅಲ್ಲಿನ ಗಾಳಿಯ ಮುಂದೆ ಆಗುಂಬೆಯ ಮಳೆಗಾಳಿ ಏನೂ ಅಲ್ಲ. ಹದಿನೈದು ಮಂದಿಯ ತಂಡಕ್ಕೆ ಆ ಗಾಳಿ ಹದಿನಾರನೆಯ ಆಟಗಾರ ಎಂದೇ ಹೇಳುತ್ತಿದ್ದರು. ನಮ್ಮ ಕಾಲದಲ್ಲಿ ಬಲೆಗೆ ಹೊಡೆದರೆ ಮೂರು, ಪಟ್ಟಿಯ ಮೇಲೆ ಹಾರಿಸಿದರೆ ಒಂದು, ಅಷ್ಟೇ ಲೆಕ್ಕ. ಈಗ 40 ಮೀಟರಿನ ಕಮಾನಿನ ಆಚೆಯಿಂದ ಹಾರಿಸಿದರೆ ಎರಡಂತೆ. ಅಂದರೆ ಗಾಳಿ ಬೆನ್ನಿಗಿದ್ದವರು ಅರ್ಧ ಆಟದಲ್ಲಿ ರಾಶಿ ಹಾಕಬಹುದು, ತಿರುಗಿದ ಮೇಲೆ ಅದೆಲ್ಲ ಕರಗಲೂಬಹುದು. ಮೇಯೋ ಆರು ಅಂಕ ಮುಂದಿದ್ದರೆ ನಂಬಬೇಡ. ಹಿಂದಿದ್ದರೂ ನಂಬಬೇಡ. ಇದು ಹಿತವಚನವೋ ಏನೋ, ನನಗೆ ತಿಳಿದದ್ದು ಇಷ್ಟೇ.

ಅಲ್ಲಿ ಎರಡು ಕಡೆಯ ಅಭಿಮಾನಿಗಳನ್ನು ಬೇರೆ ಬೇರೆ ಕೂರಿಸುವುದಿಲ್ಲ. ನಿನ್ನ ಹಸಿರು ಕೆಂಪಿನ ಪಕ್ಕದಲ್ಲೇ ಕಂದುಗೆಂಪು ಶಾಲು ಹೊದ್ದ ಗಾಲ್ವೇಯ ಅಜ್ಜಿ ಕುಳಿತಿರುತ್ತಾಳೆ. ಎರಡು ಕಡೆಯೂ ಹೆಣ್ಣು ಕೊಟ್ಟು ತಂದವರು, ವಿರಾಮದಲ್ಲಿ ಫ್ಲಾಸ್ಕಿನ ಚಹಾ ಹಂಚಿಕೊಂಡು, ಸೀಟಿ ಊದಿದ ಕೂಡಲೇ ಮತ್ತೆ ಶತ್ರುಗಳಾಗುವವರು. ರೆಫರಿಯನ್ನು ಬೈಯುವ ಕೆಲಸ ಅವರಿಗೇ ಬಿಡು. ಅದಕ್ಕೆ ಬೇಕಾದ ಇಂಗ್ಲಿಷ್ ನನಗೆ ಹತ್ತು ವರ್ಷವಾದರೂ ಬರಲಿಲ್ಲ.

ಇನ್ನೊಂದು. ಮೇಯೋಗೆ ಶಾಪವಿದೆ ಎಂದು ಯಾರೋ ನಿನಗೆ ಹೇಳಿದ್ದನ್ನು ಬರೆದಿದ್ದೀಯ. 1951ರಲ್ಲಿ ಗೆದ್ದ ತಂಡ ಫಾಕ್ಸ್‌ಫರ್ಡ್‌ನಲ್ಲಿ ಶವಯಾತ್ರೆಗೆ ಮರ್ಯಾದೆ ತೋರದೆ ಕುಣಿಯುತ್ತಾ ಹೋಯಿತು, ಆ ತಂಡದ ಒಬ್ಬ ಬದುಕಿರುವವರೆಗೂ ಇನ್ನು ಗೆಲುವಿಲ್ಲ ಎಂದು ಪಾದ್ರಿ ಶಪಿಸಿದರು ಎಂಬ ಕಥೆ. ಆ ತಂಡದ ಕೊನೆಯವರಾದ ಪ್ಯಾಡಿ ಪ್ರೆಂಡರ್‌ಗ್ಯಾಸ್ಟ್ 2021ರಲ್ಲಿ ತೀರಿಕೊಂಡರು. ಶಾಪ ಮುಗಿಯಿತಲ್ಲ, ಇನ್ನೇನು ಅಡ್ಡಿ ಎಂದು ವಾರ್ಡಿನವರನ್ನು ಕೇಳು, ಮುಖ ನೋಡು. ಆಮೇಲೆ ನಮ್ಮ ತಲಕಾಡಿನ ಶಾಪ ಹೇಳು. ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ನಾನೂರು ವರ್ಷ ಹಳೆಯ ಶಾಪ, ಗುಡಿಗಳ ಮೇಲೆ ಇಂದಿಗೂ ಮರಳು. ಪಂದ್ಯಕ್ಕೆ ಹೋಗುವ ದಾರಿಯಲ್ಲಿ ಬ್ಯಾಲಿನ್‌ರೋಬ್ ದಾಟಿ ಹೆಡ್‌ಫರ್ಡ್ ಬರುವಷ್ಟರಲ್ಲಿ ಮುಗಿಯುವಷ್ಟು ಕಥೆ ಅದು. ಶಾಪದ ವಿಷಯದಲ್ಲಿ ನಾವು ಅವರಿಗೆ ಕಡಿಮೆಯವರಲ್ಲ ಎಂದು ಕಾರಿನಲ್ಲಿ ಎಲ್ಲರಿಗೂ ಗೊತ್ತಾಗಲಿ. ನಾನು ಉಸಿರು ಎಳೆದುಕೊಳ್ಳಿ ಎಂದೆನಲ್ಲ, ಅಲ್ಲಿ ಹೇಳಬೇಕಾಗಿದ್ದದ್ದು ಇಂಥದ್ದೇ ಏನಾದರೂ.

ಎದ್ದು ನಿಲ್ಲಲೋ ಬೇಡವೋ ಎಂಬುದಕ್ಕೆ ಉತ್ತರ ಬರೆಯಲು ಇದು ಮೂರನೆಯ ಸಲ ಕುಳಿತಿದ್ದೇನೆ, ಇನ್ನೂ ಬಂದಿಲ್ಲ. ನಿಲ್ಲು ಎಂದು ಬರೆಯಲು ನಾನು ಯಾರು, ಹದಿನಾಲ್ಕು ಮೆಟ್ಟಿಲು ಇಳಿಯದವಳು? ಒಂದು ಮಾತ್ರ ಕೇಳುತ್ತೇನೆ. ಪಂದ್ಯದ ಭಾನುವಾರ ಯಾರಾದರೂ ಡ್ಯೂಟಿ ಬದಲಾಯಿಸಿಕೊಳ್ಳುತ್ತೀಯಾ ಎಂದು ಕೇಳಿಕೊಂಡು ಬರುತ್ತಾರೆ, ಬಂದೇ ಬರುತ್ತಾರೆ. ಕೊಡಬೇಡ. ಒಳ್ಳೆಯವನು ಎನಿಸಿಕೊಳ್ಳಲು ಬೇರೆ ಭಾನುವಾರಗಳಿವೆ.

ಅಲ್ಲಿ ಮಧ್ಯಾಹ್ನ ಎರಡಾದಾಗ ಇಲ್ಲಿ ಏಳೂವರೆ. ಸಾರು ಬೇಗ ಮಾಡಿಟ್ಟು ಮೊಬೈಲ್ ಹಿಡಿದು ಕುಳಿತಿರುತ್ತೇನೆ. ಸ್ಕೋರು ಕಳಿಸುವಾಗ ಗೋಲು ಮೊದಲು, ಪಾಯಿಂಟ್ ಆಮೇಲೆ, ನಡುವೆ ಗೆರೆ ಹಾಕಿ ಬರೆ. ನಿನ್ನ ಅಪ್ಪನ ಹಾಗೆ ಎಲ್ಲ ಕೂಡಿಸಿ ಒಂದೇ ಸಂಖ್ಯೆ ಕಳಿಸಬೇಡ, ನನಗೆ ಅರ್ಥವಾಗುವುದಿಲ್ಲ.

ಇಂತು,
ನಿನ್ನ ಅತ್ತೆ
ಸರೋಜ