ತಪ್ಪು ಕೋಚ್‌ದು, ಹೊರಗೆ ಕೂರೋದು ಹುಡುಗರು

ಸಂಪಾದಕರೇ,

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಕನ್ನಡ ಪತ್ರಿಕೆಗೆ ಯಾಕಪ್ಪಾ ಪತ್ರ ಅಂತ ನಿಮಗೆ ಅನ್ನಿಸಬಹುದು. ಮಾರ್ಚ್ ಬಂದರೆ ಕ್ರೀಡಾ ಪುಟದ ಮೂಲೆಯಲ್ಲಿ, ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ಟೂರ್ನಿಯ ಸುದ್ದಿ ನಾಲ್ಕು ಸಾಲು ಬರುತ್ತದೆ, ನಾನು ಮೊದಲು ಹುಡುಕುವುದೇ ಅದನ್ನು. ಅವರನ್ನು ನೋಡಿ ಕಲಿಯಬೇಕು ಅನ್ನುವವರು ನಮ್ಮಲ್ಲಿ ಜಾಸ್ತಿ. ಆಟಗಾರರನ್ನು ಬೆಳೆಸುವ ವಿಷಯದಲ್ಲಿ ಕಲಿಯೋಣ, ಬೇಡ ಅನ್ನುವುದಿಲ್ಲ. ಶಿಕ್ಷೆ ಕೊಡುವ ವಿಷಯದಲ್ಲಿ ಮಾತ್ರ ಅವರದ್ದೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಲೆಕ್ಕವೇ: ತಪ್ಪು ಯಾರೋ ಮಾಡಿದರೆ ಇಡೀ ತಂಡವನ್ನೇ ಟೂರ್ನಿಯಿಂದ ಹೊರಗಿಡುತ್ತಾರೆ.

ಶಬಾಜ್ ನೇಪಿಯರ್ ಅಂತ ಒಬ್ಬ ಹುಡುಗ. 2010ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ಸೇರಿದ. ಮೊದಲ ವರ್ಷ ತಂಡದ ಸ್ಟಾರ್ ಕೆಂಬಾ ವಾಕರ್ ಹಿಂದೆ ಬೆಂಚ್‌ನಿಂದ ಬಂದು ಆಡುತ್ತಿದ್ದ, ತಂಡ ಆ ವರ್ಷವೇ ಚಾಂಪಿಯನ್ ಆಯಿತು. ಮೂರನೇ ವರ್ಷಕ್ಕೆ ಬರುವ ಹೊತ್ತಿಗೆ ತಂಡ ಪೂರ್ತಿ ಅವನ ಕೈಯಲ್ಲಿ. ಆದರೆ 2013ರ ಟೂರ್ನಿಗೆ ಅವರಿಗೆ ಬಾಗಿಲು ಬಂದ್. ಕಾರಣ ಎಪಿಆರ್ ಅನ್ನುವ ಒಂದು ಲೆಕ್ಕ. ಆಟಗಾರರು ಪಾಸಾಗುತ್ತಿದ್ದಾರಾ, ಕಾಲೇಜು ಬಿಟ್ಟು ಹೋಗುತ್ತಿದ್ದಾರಾ ಅಂತ ನೋಡಿ ಸಾವಿರಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ, ಆಮೇಲೆ ನಾಲ್ಕು ವರ್ಷದ ಸರಾಸರಿ ತೆಗೆಯುತ್ತಾರೆ. 900 ಬೇಕಿತ್ತು, ಇವರಿಗೆ ಬಂದಿದ್ದು 889. ಬಿಡಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ: 2007-08ರಲ್ಲಿ 909, ಆಮೇಲೆ 844, ಆಮೇಲೆ 826, ನೇಪಿಯರ್ ಬಂದ ವರ್ಷ 978. ಓದದೆ ಹೋದವರು ಯಾರೋ, ಓದಿ ತಂಡದ ಅಂಕ ಮೇಲೆತ್ತಿದ ಹುಡುಗರು ಟಿವಿ ಮುಂದೆ! ಅದೂ ಅಲ್ಲದೆ 900 ಇಲ್ಲದಿದ್ದರೆ ಟೂರ್ನಿ ಇಲ್ಲ ಅನ್ನುವ ನಿಯಮ ಮಾಡಿದ್ದು 2011ರ ಅಕ್ಟೋಬರ್‌ನಲ್ಲಿ, ಲೆಕ್ಕಕ್ಕೆ ಹಿಡಿದಿದ್ದು ಅದಕ್ಕೂ ಹಿಂದಿನ ವರ್ಷಗಳನ್ನು. ಪರೀಕ್ಷೆ ಬರೆದು ಮನೆಗೆ ಹೋದ ಮೇಲೆ ಪಾಸ್ ಮಾರ್ಕ್ಸ್ ಏರಿಸಿದ ಹಾಗಾಯಿತು, ಅಲ್ವಾ?

ಕೆಲವರು ಬೇರೆ ಕಾಲೇಜಿಗೆ ಹೋದರು. ನೇಪಿಯರ್ ಉಳಿದ. ಮುಂದೆ ಟೂರ್ನಿ ಇಲ್ಲ ಅಂತ ಗೊತ್ತಿದ್ದೂ ಆ ವರ್ಷ 20 ಪಂದ್ಯ ಗೆದ್ದರು. ಮರುವರ್ಷ, 2014ರ ಫೈನಲ್, ನಮ್ಮಲ್ಲಿ ಆಗ ಬೆಳಗ್ಗೆ. ನಿಂತು ನಿಂತು ಓಡುವ ಲಿಂಕ್‌ನಲ್ಲಿ ನೋಡುತ್ತಾ ಕೂತಿದ್ದೆ, ಕಾಫಿ ಆರಿ ಕೆನೆ ಕಟ್ಟಿತ್ತು. ಎದುರಿಗೆ ಕೆಂಟಕಿ, ಮೊದಲ ಐವರೂ ಮೊದಲ ವರ್ಷದ ಹುಡುಗರು, ವೃತ್ತಿಪರರ ಲೀಗ್ ಎನ್‌ಬಿಎ ಮೇಲೆ ಕಣ್ಣಿಟ್ಟವರು. ಫೌಲ್ ಆದಾಗ ಗೆರೆ ಮೇಲೆ ನಿಂತು ಎಸೆಯುವ ಫ್ರೀ ಥ್ರೋ ಇದೆಯಲ್ಲ, ಕೆಂಟಕಿಯವರು 24ರಲ್ಲಿ 11 ಕೈಬಿಟ್ಟರು. ಕನೆಕ್ಟಿಕಟ್‌ನವರು ಹತ್ತಕ್ಕೆ ಹತ್ತು. 60-54ರಿಂದ ಗೆದ್ದರು. ಆಟಗಾರ ಬೆಳೆಯುವುದು ಅಂದರೆ ಇದೇ ನೋಡಿ, ಖಾಲಿ ಜಿಮ್‌ನಲ್ಲಿ ಯಾರೂ ನೋಡದೆ ಇರುವಾಗ ಅದೇ ಗೆರೆ ಮೇಲೆ ನಿಂತು ನಾಲ್ಕು ವರ್ಷ ಚೆಂಡು ಎಸೆದಿರುವುದು. ನಮ್ಮನ್ನು ಹೊರಗಿಟ್ಟರೆ ಹೀಗೇ ಆಗೋದು ಅನ್ನುವ ಅರ್ಥದಲ್ಲಿ ನೇಪಿಯರ್ ಗೆದ್ದ ಕೂಡಲೇ ಮೈಕ್ ಮುಂದೆ ಹೇಳಿಬಿಟ್ಟ. ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದೆ.

ನೋಡಿ, ನಿಷೇಧದಿಂದಲೇ ಗಟ್ಟಿಯಾದರು ಅಂತ ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ನೇಪಿಯರ್‌ಗೆ ಇನ್ನೊಂದು ವರ್ಷ ಬಾಕಿ ಇತ್ತು ಮಾರಾಯ, ಇಲ್ಲದವರ ಗತಿ? ಡೇಮಿಯನ್ ಲೀ ಮತ್ತು ಟ್ರೇ ಲೂಯಿಸ್ ಬೇರೆ ಕಾಲೇಜುಗಳಲ್ಲಿ ಆಡಿ, ಒಂದು ಸಲವೂ ಆ ಟೂರ್ನಿ ಮುಖ ನೋಡದೆ, ಕೊನೆಯ ಒಂದೇ ವರ್ಷಕ್ಕೆ ಅಂತ ಲೂಯಿವಿಲ್ ವಿಶ್ವವಿದ್ಯಾಲಯಕ್ಕೆ ಬಂದರು. ತಂಡ ಚೆನ್ನಾಗಿಯೇ ಆಡುತ್ತಿತ್ತು. 2016ರ ಫೆಬ್ರವರಿಯಲ್ಲಿ, ಟೂರ್ನಿಗೆ ಇನ್ನು ತಿಂಗಳು ಇದೆ ಅನ್ನುವಾಗ, ಈ ವರ್ಷ ನಾವು ಆಡುವುದಿಲ್ಲ ಅಂತ ವಿಶ್ವವಿದ್ಯಾಲಯ ತಾನೇ ಘೋಷಿಸಿತು. ಇವರಿಬ್ಬರೂ ಬರುವುದಕ್ಕೆ ಮುಂಚೆ ಸಿಬ್ಬಂದಿಯೊಬ್ಬರು ಹಾಸ್ಟೆಲ್‌ನಲ್ಲಿ ನಡೆಸಿದ ಹೊಲಸು ಕೆಲಸಕ್ಕೆ ಈ ದಂಡ. ಮೊದಲೇ ಇಷ್ಟು ಕಟ್ಟಿಬಿಟ್ಟರೆ ಮುಂದೆ ದೊಡ್ಡ ಏಟು ತಪ್ಪೀತು ಅನ್ನುವ ಲೆಕ್ಕಾಚಾರ. ಕಟ್ಟಿದ್ದು ಯಾರ ಜೇಬಿಂದ? ಏಟೂ ತಪ್ಪಲಿಲ್ಲ, 2018ರಲ್ಲಿ ಎನ್‌ಸಿಎಎ ಅವರ 2013ರ ಪ್ರಶಸ್ತಿಯನ್ನೇ ಕಿತ್ತುಕೊಂಡಿತು.

ಇದಕ್ಕಿಂತ ಕೆಟ್ಟದ್ದು 2022ರದ್ದು. ಲಂಚದ ಕೇಸಿನಲ್ಲಿ ಎಫ್‌ಬಿಐ 2017ರಲ್ಲಿ ಒಕ್ಲಹೋಮ ಸ್ಟೇಟ್ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಒಬ್ಬರನ್ನು ಹಿಡಿಯಿತು. ಕೆಲಸ ಹೋಯಿತು, ಜೈಲೂ ಆಯಿತು. ಆಮೇಲೆ ವಿಚಾರಣೆ, ಮೇಲ್ಮನವಿ ಅಂತ ಎಳೆದು ಎಳೆದು, ತಂಡದ ಮೇಲಿನ ನಿಷೇಧ ಜಾರಿಗೆ ಬಂದಿದ್ದು ನಾಲ್ಕು ವರ್ಷ ದಾಟಿದ ಮೇಲೆ. ಅದೇ ತನಿಖೆಯಲ್ಲಿ ಹೆಸರು ಬಂದಿದ್ದ, ಒಕ್ಲಹೋಮ ಸ್ಟೇಟ್ ಇರುವ ಬಿಗ್ 12 ಕೂಟದ್ದೇ ಆದ ಕಾನ್ಸಸ್ ವಿಶ್ವವಿದ್ಯಾಲಯ, ಕೇಸು ಇನ್ನೂ ಮುಗಿದಿರಲಿಲ್ಲವಲ್ಲ, ಅದೇ ವರ್ಷ ಟೂರ್ನಿ ಆಡಿ ಕಪ್ಪೂ ಎತ್ತಿತು. 2023ರಲ್ಲಿ ತೀರ್ಪು ಬಂದಾಗ ಅವರಿಗೆ ಟೂರ್ನಿ ನಿಷೇಧ ಇಲ್ಲ. ಅವರಿಗೂ ಹಾಕಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಒಕ್ಲಹೋಮ ಸ್ಟೇಟ್‌ಗೆ ಯಾಕೆ ಹಾಕಿದಿರಿ ಅಂತ ಕೇಳುತ್ತಿದ್ದೇನೆ. ತಪ್ಪಿನಲ್ಲಿ ಭಾಗಿಯಾಗದ ಆಟಗಾರರಿಗೆ ಆದಷ್ಟೂ ಶಿಕ್ಷೆ ತಟ್ಟಬಾರದು ಅಂತ ಎನ್‌ಸಿಎಎ ತನ್ನ ಹೊಸ ಸಂವಿಧಾನದಲ್ಲಿ ಬರೆದುಕೊಂಡಿದ್ದು 2022ರ ಜನವರಿಯಲ್ಲಿ. ಎರಡೇ ತಿಂಗಳಿಗೆ ಒಕ್ಲಹೋಮ ಸ್ಟೇಟ್ ಹುಡುಗರು ಗಂಟುಮೂಟೆ ಕಟ್ಟಿ ಮನೆಗೆ.

ನನಗೆ ಇಷ್ಟೆಲ್ಲಾ ಸಿಟ್ಟು ಯಾಕೆ ಅಂದರೆ, ನಾನೂ ಒಂದು ವರ್ಷ ಹೀಗೇ ಕೂತಿದ್ದೇನೆ. ಹಳೆಯ ಮಾತು, ಕಾಲೇಜಿನ ಹೆಸರು ಬೇಡ. ಅಡ್ಮಿಷನ್ನೇ ಆಗದ ಒಬ್ಬ ಒಳ್ಳೆಯ ಆಟಗಾರನ ಹೆಸರನ್ನು ನಮ್ಮ ಆಟದ ಮೇಷ್ಟ್ರು ಪಿ.ಡಿ. ಸರ್ ಎಲಿಜಿಬಿಲಿಟಿ ಫಾರಂನಲ್ಲಿ ಸೇರಿಸಿದ್ದರು, ಸಿಕ್ಕಿಬಿದ್ದರು. ಮುಂದಿನ ವರ್ಷ ಅಂತರ ಕಾಲೇಜು ಪಂದ್ಯಕ್ಕೆ ನಮ್ಮ ತಂಡ ಬರಕೂಡದು ಅಂತ ಆಯಿತು. ಅಷ್ಟರಲ್ಲಿ ಆ ಹುಡುಗ ಊರಲ್ಲೇ ಇರಲಿಲ್ಲ, ಸರ್ ಬೇರೆ ಕಾಲೇಜಿಗೆ ಹೋಗಿಯಾಗಿತ್ತು. ನಮ್ಮ ಕ್ಯಾಪ್ಟನ್‌ಗೆ ಅದು ಕೊನೆಯ ವರ್ಷ. ಯೂನಿವರ್ಸಿಟಿ ತಂಡಕ್ಕೆ ಆರಿಸುವುದೇ ಆ ಪಂದ್ಯಗಳಲ್ಲಿ, ಆಡದಿದ್ದರೆ ಯೂನಿವರ್ಸಿಟಿ ಆಟಗಾರ ಅನ್ನುವ ಬ್ಲೂ ಗೌರವ ಎಲ್ಲಿಂದ ಬರಬೇಕು? ಆದರೂ ದಿನಾ ಸಂಜೆ ಮಣ್ಣಿನ ಕೋರ್ಟಿಗೆ ಬಂದು ತಾನೇ ಸುಣ್ಣದ ಗೆರೆ ಎಳೆದು ಜೂನಿಯರ್‌ಗಳಿಗೆ ಲೇ-ಅಪ್ ಹೇಳಿಕೊಡುತ್ತಿದ್ದ. ಯಾರಿಗೆ ಅಂತ ಕಲಿಸುತ್ತೀಯೋ ಅಂದರೆ ಸುಮ್ನೆ ನಗುತ್ತಿದ್ದ.

ತಂಡಕ್ಕೆ ಬಿಸಿ ಮುಟ್ಟದಿದ್ದರೆ ಕಾಲೇಜುಗಳು ಹೆದರುವುದಿಲ್ಲ ಅನ್ನುತ್ತಾರೆ. ನಿಜ, ಸಣ್ಣಪುಟ್ಟ ದಂಡ ಅವರಿಗೆ ಕಡ್ಲೆಕಾಯಿ ಸಮಾನ. ಹಾಗಾದರೆ ಆ ವರ್ಷದ ಟೂರ್ನಿ ಹಣ ಪೂರ್ತಿ ಕಿತ್ತುಕೊಳ್ಳಿ. ತಪ್ಪು ಮಾಡಿದ ಕೋಚ್ ಯಾವ ಕಾಲೇಜಿಗೆ ಹೋದರೂ ಶಿಕ್ಷೆ ಬೆನ್ನಿಗೆ ಹೋಗಲಿ. ಅದಕ್ಕೆ ಶೋಕಾಸ್ ಅನ್ನುವ ನಿಯಮ ಅಲ್ಲಿ ಆಗಲೇ ಇದೆ, ಒಕ್ಲಹೋಮ ಸ್ಟೇಟ್‌ನ ಆ ಸಹಾಯಕ ಕೋಚ್‌ಗೆ ಹತ್ತು ವರ್ಷದ್ದು ಹಾಕಿದ್ದಾರೆ. ಅದು ಸಾಕಾಗಿತ್ತು. ನಿಷೇಧ ಹಾಕಲೇಬೇಕು ಅಂತಿದ್ದರೆ ಸೀಸನ್ ಶುರುವಾಗುವ ಮುಂಚೆ ಹೇಳಿ, ಬೇರೆ ಕಡೆ ಆಡುವವರು ಹೋಗಿ ಆಡಲಿ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಮಾರ್ಚ್‌ನಲ್ಲಿ ಆ ನಾಲ್ಕು ಸಾಲಿನ ಜೊತೆ ಐದನೆಯದೂ ಒಂದು ಹಾಕಿ, ಯಾವ ತಂಡ ಯಾಕೆ ಆಡುತ್ತಿಲ್ಲ ಅಂತ. ನಮ್ಮ ಕ್ಯಾಪ್ಟನ್ ಈಗಲೂ ನಿಮ್ಮ ಪತ್ರಿಕೆಯನ್ನೇ ತರಿಸುವುದು.

ಇಂತಿ,
ಒಬ್ಬ ಹಳೆಯ ಪಾಯಿಂಟ್ ಗಾರ್ಡ್,
ಮೈಸೂರು